ಅಪ್ಪ ಬಿಟ್ಟುಹೋದ ಕೆಲಸ

ಅವರೆಕಾಯಿ ಕಾಲ. ಬ್ಲಫ್ ಎಂಬ ಊರಿನ ಪವರ್‌ಹೌಸ್ ಕ್ವಾರ್ಟರ್ಸ್ ಅಂಗಳದಲ್ಲಿ ರಂಜಿತ ಬೆಳಗಿನಿಂದ ಕಾಯಿ ಸುಲಿಯುತ್ತಿದ್ದಳು. ಬೆರಳಿಗೆಲ್ಲ ಸೊಗಡು ಅಂಟಿತ್ತು. ಎದುರಿಗೆ ಅವ್ವ ದೇವಿರಮ್ಮ. ಪಕ್ಕದಲ್ಲಿ ಕಾಗದ ಹಿಡಿದು ನಿಂತ ಅಣ್ಣ ಶಿವರಾಜು.

ಪವರ್‌ಹೌಸಿನ ಕೆಲಸದಲ್ಲಿದ್ದಾಗಲೇ ಅಪ್ಪ ಮಾದಯ್ಯ ತೀರಿಕೊಂಡು ನಾಲ್ಕು ತಿಂಗಳು. ಆ ಕೆಲಸ ಅನುಕಂಪದ ಮೇಲೆ ಮಕ್ಕಳಲ್ಲಿ ಒಬ್ಬರಿಗೆ ಸಿಗುತ್ತದೆ. ಅದು ಅಣ್ಣನಿಗೇ ಇರಲಿ ಎಂದು ರಂಜಿತ ಆ ಕಾಗದಕ್ಕೆ ರುಜು ಹಾಕಬೇಕಿತ್ತು.

ಗೇಟು ಕಿರುಗುಟ್ಟಿತು. ತಲೆಯೆತ್ತಿದಳು... ಸ್ವರೂಪ್.

ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವನು. ಅಪ್ಪನೇ ಒಪ್ಪಿದ್ದ ಹುಡುಗ. ತಿಥಿ ಮುಗಿದ ದಿನ ‘ಮದುವೆ ಮಾತು ಈಗ ಬೇಡ’ ಎಂದು ಹೋದವನು ಮತ್ತೆ ಈ ಕಡೆ ಸುಳಿದಿರಲಿಲ್ಲ.

ಅಪ್ಪ ಹೋದ ಮೇಲೆ ನಾನು ಇವನಿಗೆ ಭಾರವಾದೆನೇ...? ಅವಳು ಮತ್ತೆ ಕಾಯಿಗೆ ಕೈ ಹಾಕಿದಳು.

“ರುಜು ಹಾಕ್ಬುಟ್ಯಾ ರಂಜಿತ?” ಅಣ್ಣನ ಕೈಯ ಕಾಗದ ನೋಡಿ ಸ್ವರೂಪ್ ಕೇಳಿದ.

“ಹಾಕುದ್ರೆ ನಿಮಗೇನು?”

“ಮದ್ವೆಯಾದ ಮಗಳಿಗೆ ಅಪ್ಪನ ಕೆಲ್ಸ ಕೊಡಲ್ಲ ಅನ್ಕಂಡಿದ್ದೆ. ನನ್ನ ಕಟ್ಕಂಡು ನೀನು ಅದ್ನ ಕಳ್ಕಬಾರ್ದು ಅಂತ ದೂರ ಇದ್ದೆ. ಇವತ್ತು ಮಂಡ್ಯದಲ್ಲಿ ವಕೀಲರನ್ನ ಕೇಳ್ದೆ... ಕೊಡ್ತಾರಂತೆ.”

“ಕೇಳಕ್ಕೆ ನಾಕು ತಿಂಗ್ಳು ಬೇಕಾಯ್ತಾ?”

“ವಕೀಲ್ರು ಇಲ್ಲ ಅಂದ್ಬುಟ್ರೆ ನಿನ್ನ ಬುಟ್ಬುಡ್ಬೇಕಾಯ್ತದಲ್ಲ ಅಂತ ಭಯ ಕಣೆ.”

ಅವನು ಸೊರಗಿಹೋಗಿದ್ದ. ಅವಳು ಅದನ್ನು ಈಗಷ್ಟೇ ನೋಡಿದಳು.

“ಲೇ ಸ್ವರೂಪ, ನಮ್ಮನೆ ವಿಸ್ಯಕ್ಕೆ ಬರ್ಬ್ಯಾಡ ಕಣ್ಲಾ,” ಶಿವರಾಜು ಗದರಿದ. “ಇವ್ಳು ಮದ್ವೆಯಾಗಿ ಓಯ್ತಾಳೆ. ಕೆಲ್ಸ ನಂಗ್ ಸಿಗ್ದೆ ಈ ಕ್ವಾಟ್ರಸ್ಸು ಖಾಲಿ ಮಾಡಿ ಅಂದ್ರೆ ಅವ್ವ ಎಲ್ಲಿಗೋಗ್ಬೇಕು?”

ರಂಜಿತ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

“ಅಣ್ಣ, ಅಪ್ಪನ ಮಳವಳ್ಳಿ ಗದ್ದೇಲಿ ನನ್ ಪಾಲೂ ನಿಂಗೇ ಇರ್ಲಿ. ನಾನು ಕರೆಂಟಿನ ಕೆಲ್ಸ ಕಲ್ತೋಳು. ಇದ್ನ ಮಾತ್ರ ಬುಡಲ್ಲ. ಅವ್ವ ನನ್ ಜೊತೆ ಇರ್ತಾಳೆ.”

“ಗದ್ದೆ ಬರ್ಕೊಡ್ತೀಯಾ?”

“ಕೊಡ್ತೀನಿ.”

“ನಾಳೆ ಮಾತು ಬದ್ಲಾಯಿಸ್ಬ್ಯಾಡ.” ಶಿವರಾಜು ಕಾಗದ ಮಡಚಿ ಜೇಬಿಗಿಟ್ಟು ಹೊರಟ.

ದೇವಿರಮ್ಮನ ಮುಖ ಬಾಡಿತ್ತು. “ಅಳಿಯನ ಮನೇಲಿ ಇರಕ್ಕಾಯ್ತದೇನವ್ವ? ನೋಡ್ದೋರು ಏನಂದಾರು?”

“ಅಳಿಯನ ಮನೆ ಅಲ್ಲ ಕಣವ್ವ. ನಿನ್ ಮಗಳ ಕ್ವಾಟ್ರಸ್ಸು.”

ದೇವಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವರೆಕಾಯಿ ಇದ್ದ ಮೊರವನ್ನು ಸ್ವರೂಪನ ಕಡೆಗೆ ತಳ್ಳಿ, ಕಾಫಿ ಇಡಲು ಒಳಗೆ ಹೋದಳು.

ಅವನು ಕೂತು ಕಾಯಿ ಕೈಗೆತ್ತಿಕೊಂಡ.

“ಆ ಮನೇಲಿ ನಂಗೂ ಜಾಗ ಕೊಟ್ಟೀಯಾ?”

“ಅವ್ವನ್ನ ಕೇಳಿ.”

“ನಿನ್ನ ಕೇಳ್ತಾವ್ನಿ.”

ರಂಜಿತ ತಲೆಯೆತ್ತಲಿಲ್ಲ.

“ಜಾಗ ಯಾವತ್ತೋ ಕೊಟ್ಟಾಗದೆ... ಬಂದು ಕೂತ್ಕಳದೆ ಓಗಿದ್ದು ನೀವು.”