ನೂಲಿನ ಸಾಡೊ

ಹಂಪನಕಟ್ಟೆಯ ಸರ್ವೋತ್ತಮ ಕಾಮತರ ಜವುಳಿ ಅಂಗಡಿಯ ಬಾಗಿಲಿಗೆ ಎವ್ಲಿನ್ ಬಂದು ನಿಂತಾಗ, ಒಳಗೆ ರೇಶ್ಮೆ ಬಿಚ್ಚುತ್ತಿದ್ದ ಪಿಯುಸನ ಕೈ ಇದ್ದಲ್ಲೇ ನಿಂತಿತು. ಈಸ್ಟರ್ ಹಬ್ಬ ಕಳೆದ ಮೇಲೆ ಇಬ್ಬರಿಗೂ ಮದುವೆ. ಅಷ್ಟು ದಿನ ತಡೆಯಲಾರದೆ ಹುಡುಗಿ ತನ್ನನ್ನು ನೋಡಲಿಕ್ಕೇ ಬಂದಳೆಂದು ಅವನು ಒಳಗೊಳಗೇ ಉಬ್ಬಿದ.

ಕೂದಲು ನೀವಿಕೊಂಡು ಹೊರಗೆ ಬಂದ. "ಎಂತ, ಆಸ್ಪತ್ರೆಗೆ ರಜೆಯಾ? ನನ್ನ ನೆನಪಾಯ್ತಾ?"

"ನಿಮ್ಮನ್ನು ನೋಡ್ಲಿಕ್ಕೆ ಬಂದದ್ದಲ್ಲ, ಪಿಯುಸಾಬ್." ಹಿರಿಯರಿಗೆ ಹೇಳುವಂತೆ ಅವನ ಹೆಸರಿಗೆ ‘ಆಬ್’ ಅಂಟಿಸಿ ಕೀಟಲೆ ಮಾಡುವುದು ಅವಳ ಚಾಳಿ. ಕಣ್ಣಂಚಿನಲ್ಲಿ ನಗು ಇತ್ತು, ತುಟಿಯಲ್ಲಿ ಇರಲಿಲ್ಲ. "ನಿಮ್ಮ ಗಿರಾಕಿಗಳನ್ನು ನೋಡ್ಲಿಕ್ಕೆ ಬಂದದ್ದು."

ಹೇಳುತ್ತಿದ್ದ ಹಾಗೆ ಹೆಂಗಸೊಬ್ಬಳು ಮೆಟ್ಟಿಲು ಹತ್ತಿದಳು. ಎವ್ಲಿನ್ ಅಡ್ಡ ಬಂದಳು. "ಅಕ್ಕಾ, ಜಪಾನಿನ ರೇಶ್ಮೆ ತೆಗೊಳ್ಬೇಡಿ. ಅವರ ಸಿಪಾಯಿಗಳು ಚೀನಾದಲ್ಲಿ ಹೆಂಗಸರನ್ನು ಹಾಳು ಮಾಡ್ತಾ ಇದ್ದಾರೆ."

"ಇಲ್ಲಿ ಇರುವುದೆಲ್ಲ ಬನಾರಸಿನದ್ದು ಮಾರಾಯ್ತಿ," ಎಂದು ಆಕೆ ಒಳಗೆ ನಡೆದಳು.

"ಹೌದಾ?" ಎವ್ಲಿನ್ ಅವನ ಕಡೆ ತಿರುಗಿದಳು.

ಪಿಯುಸ್ ನೆಲ ನೋಡಿದ. "ಧನಿಗಳು ಹಾಗೆ ಹೇಳ್ತಾರೆ."

ಧನಿಗಳು ಬಾಯಿಯಲ್ಲಿ ಹೇಳುತ್ತಿದ್ದರು, ಅದನ್ನು ಕೈಯಲ್ಲಿ ಮಾಡುತ್ತಿದ್ದವನು ಪಿಯುಸ್. ಹಡಗಿನಲ್ಲಿ ಸುರುಳಿ ಸುತ್ತಿ ಬಂದ ಪ್ರತಿಯೊಂದು ರೇಶ್ಮೆ ಥಾನಿನ ತುದಿಯಲ್ಲಿ ಜಪಾನಿನ ಸೀಲು ಇರುತ್ತಿತ್ತು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವನು ಆ ತುದಿಯನ್ನು ಕತ್ತರಿಸಿ ಒಲೆಗೆ ಹಾಕಬೇಕು. ಆಮೇಲೆ ಅದಕ್ಕೆ ಜರಿಯ ಅಂಚು ಹೊಲಿಸಿದರೆ ಬನಾರಸ್ ಆಯಿತು. ಸಾವಿರದ ಒಂಬೈನೂರ ಮೂವತ್ತೆಂಟರ ಆ ಬೇಸಗೆಯಲ್ಲಿ ‘ಜಪಾನಿನದ್ದು’ ಎಂದರೆ ಕೆಲವರು ಮುಟ್ಟುತ್ತಿರಲಿಲ್ಲ, ಅದಕ್ಕೆ.

ಸಂಜೆ ಬೋಳಾರದ ಕಡೆ ಜೊತೆಯಾಗಿ ನಡೆಯುವಾಗ ಅವನು ಕೇಳಿದ, "ಅಷ್ಟು ದೂರದ ಯುದ್ಧ. ನಿನಗೆ ಯಾಕೆ?"

"ಆಸ್ಪತ್ರೆಗೆ ಚೀನಾದಿಂದ ಒಬ್ಬರು ಕಾನ್ವೆಂಟಿನ ಸಿಸ್ಟರ್ ಬಂದಿದ್ದಾರೆ. ಅವರ ಮಣಿಕಟ್ಟಿನ ಪಟ್ಟಿ ನಾನೇ ಬಿಚ್ಚಿ ಕಟ್ಟುವುದು. ಅವರ ಶಾಲೆಯೊಳಗೆ ಊರಿನ ಹೆಂಗಸರೆಲ್ಲ ಓಡಿ ಬಂದು ಅಡಗಿದ್ರಂತೆ. ಸಿಪಾಯಿಗಳು ಗೇಟು ದೂಡಿದ್ರು. ಸಿಸ್ಟರ್ ಗೇಟು ಬಿಡ್ಲಿಲ್ಲ, ಕೋವಿಯ ಹಿಡಿಯಲ್ಲಿ ಕೈಗೆ ಹೊಡೆದ್ರು. ಎಳ್ಕೊಂಡು ಹೋದವರಲ್ಲಿ ಎಷ್ಟೋ ಮಂದಿ ಹಿಂದೆ ಬರ್ಲೇ ಇಲ್ಲ."

ಪಿಯುಸ್ ನಡಿಗೆ ನಿಧಾನ ಮಾಡಿದ.

"ದೂರ ಅಂತೀರಿ. ಅಲ್ಲಿಯ ರೇಶ್ಮೆ ಹಂಪನಕಟ್ಟೆಗೆ ಬರ್ಲಿಕ್ಕೆ ದೂರ ಆಗ್ಲಿಲ್ಲ. ಆ ಹೆಂಗಸರ ಕೂಗು ಬರ್ಲಿಕ್ಕೆ ಮಾತ್ರ ದೂರವಾ?"

ಸಿಟ್ಟಿನಲ್ಲಿ ಅವಳ ಮೂಗಿನ ತುದಿ ಕೆಂಪಾಗಿತ್ತು. ಎಷ್ಟು ಚಂದ ಎಂದು ಹೇಳಬೇಕೆನಿಸಿತು ಅವನಿಗೆ. ಆದರೆ ತನ್ನ ಬೆರಳಲ್ಲಿ ಕತ್ತರಿಯ ಹಿಡಿ ಒತ್ತಿದ ಗುರುತು ಇತ್ತು. ಕೈಯನ್ನು ಕಿಸೆಗೆ ಹಾಕಿಕೊಂಡ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಪಿಯುಸನ ತಾಯಿ ಆಗ್ನೆಸ್‌ಬಾಯಿ ಎವ್ಲಿನಳನ್ನು ಮನೆಗೆ ಕರೆದರು. ಸಾಡೊ ತಂದಾಗಿತ್ತು. ಸಾಡೊ ಎಂದರೆ ಗಂಡಿನ ಕಡೆಯವರು ಮದುವಣಗಿತ್ತಿಗೆ ಕೊಡುವ ಕೆಂಪು ಸೀರೆ. ಒಮ್ಮೆ ಉಟ್ಟರೆ ಬಾಳಿಡೀ ಪೆಟ್ಟಿಗೆಯಲ್ಲಿ ಜೋಪಾನ ಮಾಡುವಂಥದ್ದು. ಮಗನಿಗೆ ತಿಳಿಯದ ಹಾಗೆ ಇರಲಿ ಎಂದು, ಅವನು ಊಟಕ್ಕೆ ಹೋದ ಹೊತ್ತು ನೋಡಿ ಅವನದೇ ಅಂಗಡಿಯಿಂದ ತಂದಿದ್ದರು.

ಆಗ್ನೆಸ್‌ಬಾಯಿ ಸೀರೆಯನ್ನು ಹುಡುಗಿಯ ಹೆಗಲಿಗೆ ಹಾಕಿದರು.

"ಬನಾರಸಾ, ಮಾಂಯ್?"

"ಮತ್ತೆಂತ? ಧನಿಗಳೇ ಆಣೆ ಹಾಕಿ ಕೊಟ್ಟದ್ದು. ಪಾದ್ರಿಗಳು ಪವಿತ್ರ ನೀರು ಚಿಮುಕಿಸಿ ಆಗಿದೆ."

ಎವ್ಲಿನ್ ಆ ಕೆಂಪಿನಿಂದ ತಲೆಯೆತ್ತಿ ಪಿಯುಸನನ್ನು ನೋಡಿದಳು. ಕೀಟಲೆಯಿಲ್ಲ, ಸಿಟ್ಟಿಲ್ಲ, ತುಂಬಿದ ಕಣ್ಣು. ಇಂಥದೊಂದು ನೋಟಕ್ಕಾಗಿ ಅವನು ಎಷ್ಟು ಕಾದಿದ್ದ! ಆದರೆ ಅವನ ಕಣ್ಣು ಸೆರಗಿನ ತುದಿಯಲ್ಲಿ ಸಿಕ್ಕಿಕೊಂಡಿತ್ತು. ಅಲ್ಲಿ ಇಲಿ ಕಚ್ಚಿದಂತೆ ಒಂದು ಸಣ್ಣ ಹರಕು. ಬಾಯಿ ಮುಕ್ಕಾದ ಅವನ ಕತ್ತರಿ ಬಿಡುವ ಹರಕು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸುಮ್ಮನಿದ್ದರೆ ಆ ನೋಟ ಅವನದೇ.

"ಎವ್ಲಿನ್, ಅದನ್ನು ತೆಗಿ."

"ಎಂತ ಆಯ್ತು ಪುತಾ?" ತಾಯಿ ಬೆಚ್ಚಿದರು.

"ಅದು ಜಪಾನಿನದ್ದು. ಸೀಲು ಕತ್ತರಿಸಿದ್ದು ನಾನೇ. ಇದೊಂದೇ ಅಲ್ಲ, ಎಲ್ಲವನ್ನೂ."

ಆಗ್ನೆಸ್‌ಬಾಯಿ ಕುರ್ಚಿಯಲ್ಲಿ ಕುಸಿದರು. "ಹೆತ್ತ ತಾಯಿಗೇ ಟೋಪಿ ಹಾಕಿದ್ಯಾ!" ಮತ್ತೆ ಎವ್ಲಿನಳ ಕಡೆ ನೋಡಿ, "ಆದ್ರೂ ಪವಿತ್ರ ನೀರು ಬಿದ್ದ ಸಾಡೊ ಹಿಂದೆ ಕೊಡ್ಲಿಕ್ಕಿಲ್ಲ ಮಗಾ. ಊರು ನಗ್ತದೆ."

"ನಗಲಿ, ಮಾಂಯ್. ಆ ಹೆಂಗಸರ ಮೇಲೆ ಯಾರು ಪವಿತ್ರ ನೀರು ಹಾಕಿದ್ದಾರೆ?" ಎವ್ಲಿನ್ ಸೀರೆಯನ್ನು ಮಡಚಿ ಮೇಜಿನ ಮೇಲಿಟ್ಟಳು. ಅಂಗಳಕ್ಕೆ ಹೋದಳು. ಪಿಯುಸ್ ಹಿಂದೆಯೇ ಹೋದ.

"ಇವತ್ತು ಹೇಳದೆ ಇದ್ದಿದ್ರೆ?" ಅವಳು ತಿರುಗದೆ ಕೇಳಿದಳು.

"ನೀನು ನನ್ನನ್ನು ನೋಡುವಾಗೆಲ್ಲ ನಾನು ನೆಲ ನೋಡ್ಬೇಕಾಗ್ತಿತ್ತು."

"ನನ್ನೊಬ್ಬಳಿಗೆ ಹೇಳಿದ್ರೆ ಸಾಕಾಗ್ಲಿಕ್ಕಿಲ್ಲ. ನಾಳೆ ನಾನು ಅದೇ ಬಾಗಿಲಲ್ಲಿ ನಿಲ್ತೇನೆ. ನೀವು ಯಾವ ಕಡೆ ನಿಲ್ತೀರಿ, ನಿಮಗೆ ಬಿಟ್ಟದ್ದು."

ಮರುದಿನ ಬೆಳಿಗ್ಗೆ ಪಿಯುಸ್ ಕತ್ತರಿ ಮುಟ್ಟಲಿಲ್ಲ. ಅಂಗಡಿ ತುಂಬಿದ ಹೊತ್ತಿಗೆ ಹೊಸ ಥಾನು ಎಳೆದು, ಸೀಲಿದ್ದ ತುದಿಯನ್ನೇ ಗಿರಾಕಿಗಳ ಎದುರು ಹರಡಿದ. "ನೋಡಿ ಅಕ್ಕಾ, ಇದು ಜಪಾನಿನದ್ದು. ಇಲ್ಲಿ ಬನಾರಸ್ ಅಂತ ಕೊಟ್ಟದ್ದೆಲ್ಲ ಇದೇ."

"ಪಿಯುಸ್, ನಿನಗೆ ಮಂಡೆ ಸಮ ಉಂಟಾ?" ಕಾಮತರು ಗಾದಿಯಿಂದಲೇ ಗರ್ಜಿಸಿದರು. "ಇಳಿ ಕೆಳಗೆ! ಇನ್ನು ಈ ಮೆಟ್ಟಿಲು ಹತ್ಬೇಡ!"

"ಇಳಿತೇನೆ, ಧನಿಗಳೇ. ಈ ಕತ್ತರಿ ನನ್ನದು, ತೆಗೊಂಡು ಹೋಗ್ತೇನೆ."

ಅವನು ಮೆಟ್ಟಿಲಿಳಿದು ಎವ್ಲಿನಳ ಪಕ್ಕದಲ್ಲಿ, ಬೀದಿಗೆ ಮುಖ ಮಾಡಿ ನಿಂತ. ಅವಳು ಅವನ ಕಡೆ ನೋಡಲಿಲ್ಲ. ಅವಳ ಕಿರುಬೆರಳು ಮಾತ್ರ, ಬಿಸಿಲಲ್ಲಿ, ಅಷ್ಟು ಜನರ ಎದುರಲ್ಲಿ, ಅವನ ಕಿರುಬೆರಳನ್ನು ಹಿಡಿಯಿತು.

"ಜನ ನೋಡ್ತಾರೆ," ಎಂದ ಅವನು.

"ನೋಡ್ಲಿ ಅಂತಲೇ ಅಲ್ವಾ ನಾವು ನಿಂತದ್ದು, ಪಿಯುಸಾಬ್?"

ಈಸ್ಟರ್ ಕಳೆದು ಮದುವೆಯಾಯಿತು. ಪಿಯುಸನಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ. ಇಗರ್ಜಿಯ ಪೂಜೆಗೆ ಬಿಳಿ ಉಟ್ಟಿದ್ದ ಎವ್ಲಿನ್, ಮನೆಯ ಚಪ್ಪರಕ್ಕೆ ಬೋಳಾರದ ಮಗ್ಗದಲ್ಲಿ ನೇಯ್ದ ಕೆಂಪು ನೂಲಿನ ಸಾಡೊ ಉಟ್ಟು ಬಂದಳು. ಚಪ್ಪರವಿಡೀ ಗುಸುಗುಸು.

"ಚೀನಾದವರಿಗೋಸ್ಕರ ಮದುವಣಗಿತ್ತಿ ನೂಲು ಉಡುವುದಂತೆ!" ಎಂದು ನೆಂಟರ ಹೆಂಗಸೊಬ್ಬಳು ನಕ್ಕಳು.

ಆಗ್ನೆಸ್‌ಬಾಯಿ ಸೊಂಟಕ್ಕೆ ಕೈ ಕೊಟ್ಟು ತಿರುಗಿದರು. "ಹೌದು, ನನ್ನ ಸೊಸೆ ಉಟ್ಟದ್ದು. ಮದುವೆಗೆ ಬರುವವರು ಉಡುಗೊರೆ ಬದಲು ಒಗೆದ ಹಳೆ ನೂಲಿನ ಸೀರೆ ತನ್ನಿ ಅಂತ ಹೇಳಿ ಕಳಿಸಿದ್ದೆ, ನೀನು ತಂದಿದ್ದೀಯಾ? ಬೊಂಬಾಯಿಯಿಂದ ಚೀನಾಕ್ಕೆ ಔಷಧಿಯ ಪೆಟ್ಟಿಗೆ ಹೋಗ್ಲಿಕ್ಕುಂಟು. ಗಾಯದ ಪಟ್ಟಿಗೆ ಬಟ್ಟೆ ಬೇಕು."

ಚಪ್ಪರದ ಮೂಲೆಯಲ್ಲಿ ಹಳೆ ಸೀರೆಗಳ ರಾಶಿ ಆಗಲೇ ಸೊಂಟದೆತ್ತರ ಬೆಳೆದಿತ್ತು.

ಊಟದ ಗದ್ದಲ ಇಳಿದ ಮೇಲೆ ಎವ್ಲಿನ್ ಆ ರಾಶಿಯ ಪಕ್ಕ ಚಾಪೆ ಹಾಸಿ ಕುಳಿತಳು. ಒಂದು ಸೀರೆಯ ತುದಿಯನ್ನು ಪಿಯುಸನ ಕಡೆ ಚಾಚಿದಳು.

"ಕತ್ತರಿ ತಂದಿದ್ದೀರಾ?"

ಅವನು ಕೋಟಿನ ಕಿಸೆಯಿಂದ ಮುಕ್ಕು ಕತ್ತರಿ ತೆಗೆದ. ಈ ಸಲ ನೆಲ ನೋಡಲಿಲ್ಲ, ಅವಳ ಕಣ್ಣನ್ನೇ ನೋಡಿದ.

"ನನ್ನನ್ನು ಆಮೇಲೆ ನೋಡಿದ್ರಾಯ್ತು," ಎಂದು ನಕ್ಕಳು ಅವಳು. "ಈಗ ಅಂಚು ಸಮ ಕತ್ತರಿಸಿ."