ಹಲಸಿನ ಪಟ್ಟಿಯ ಸುಟ್ಟ ಅಂಚು

ಇನ್ನಂಜೆಯ ಗುಣವತಿಯಕ್ಕ ಮದುವೆಯೂಟ ಮುಗಿಸಿ ಮನೆಗೆ ಬಂದರೆ ಬಾಗಿಲಿನ ದಾರಂದದ ಮೇಲ್ಭಾಗವೇ ಇಲ್ಲ! ಹಲಸಿನ ತೊಲೆಯಲ್ಲಿ ಗಿಳಿಗಳನ್ನು ಕೆತ್ತಿದ್ದ ಪಟ್ಟಿಯನ್ನು ಯಾರೋ ಉದ್ದಕ್ಕೆ ಕೊಯ್ದು ಒಯ್ದಿದ್ದರು.

ಎಎಸ್‌ಐ ಡೆನಿಸ್ ಆಗಲೇ ಕಳ್ಳನನ್ನು ಹಿಡಿದಾಗಿತ್ತು. ದುರ್ಗೇಶ. ಗಜೇಂದ್ರಗಡದ ಕಡೆಯವನು, ಅದೇ ಮನೆಗೆ ಕಟ್ಟುತ್ತಿದ್ದ ಹೊಸ ಕೋಣೆಯ ತಾರಸಿಗೆ ಸೆಂಟ್ರಿಂಗ್ ಹಲಗೆ ಹೊಡೆಯುವವನು. ಅವನ ಅಂಗಿಯ ತುಂಬ ಹಲಸಿನ ಮರದ ಹಳದಿ ಹುಡಿ.

“ಕಸಾ ಹೊಡದೀನ್ರಿ. ಕದ್ದಿಲ್ರಿ!” ಜೀಪಿನೊಳಗಿಂದ ಕೂಗುತ್ತಿದ್ದ.

ಸಾಕ್ಷಿ ಗಟ್ಟಿಯಾಗಲೆಂದು ನನ್ನನ್ನು ಕರೆಸಿದ್ದರು. ನಾನು ತಾರಾನಾಥ. ಉಡುಪಿಯಲ್ಲಿ ಮೂವತ್ತು ವರ್ಷದಿಂದ ಗರಗಸದ ಬ್ಲೇಡ್ ಮಾರುತ್ತೇನೆ, ಹಲ್ಲು ಹರಿತ ಮಾಡಿಕೊಡುತ್ತೇನೆ.

“ಇವನ ಮೆಷಿನ್‌ನಲ್ಲೇ ಕೊಯ್ದದ್ದು, ಅಲ್ವಾ?” ದುರ್ಗೇಶನ ಗರಗಸದ ಮೆಷಿನನ್ನು ನನ್ನ ಮುಂದಿಟ್ಟು ಡೆನಿಸ್ ಕೇಳಿದರು.

ಉಳಿದ ತೊಲೆಯ ಅಂಚನ್ನು ಮುಟ್ಟಿದೆ. ನುಣುಪು. ಕಪ್ಪಗೆ ಸುಟ್ಟಿತ್ತು. ಬೆರಳು ಹಿಂದಕ್ಕೆ ತೆಗೆದೆ.

“ನಾಳೆ ಹೇಳುತ್ತೇನೆ.”

“ಎಂತ ಮಾರಾಯ್ರೆ, ನೋಡ್ಲಿಕ್ಕೆ ಒಂದು ದಿನ ಬೇಕಾ?”

ಗೇಟಿನ ಬಳಿ ದುರ್ಗೇಶನ ಹೆಂಡತಿ ಶರಣಮ್ಮ ನಿಂತಿದ್ದಳು. ತಲೆ ತಗ್ಗಿಸಿ ದಾಟಿ ಹೋದೆ.

*

ಸಂಜೆ ಕುಕ್ಕುಂದೂರಿನ ಶ್ರವಣನ ಶೆಡ್ಡಿಗೆ ಹೋದೆ. ಗುಣವತಿಯಕ್ಕನ ಅಡುಗೆಮನೆಗೆ ಪ್ಲೈವುಡ್ ಕಪಾಟು ಕೂರಿಸುತ್ತಿರುವವನು ಇವನೇ. ಇವನ ಅಪ್ಪ ವಾಸು ಆಚಾರಿ ನನ್ನ ಜೀವದ ಗೆಳೆಯ. ತೀರಿಕೊಂಡು ಆರು ವರ್ಷ. ಆ ಗಿಳಿಗಳನ್ನು ಕೆತ್ತಿದ್ದು ಅವನು.

“ಪಟ್ಟಿ ಎಲ್ಲುಂಟು?”

“ಯಾವ ಪಟ್ಟಿ ಮಾಮ?”

“ನನ್ನ ಹತ್ತಿರ ನಾಟಕ ಬೇಡ. ದುರ್ಗೇಶನ ಬ್ಲೇಡಿಗೆ ಇಪ್ಪತ್ತನಾಲ್ಕು ದೊಡ್ಡ ಹಲ್ಲು. ಮೊಳೆ ತಾಗಿ ಅರ್ಧ ಮುರಿದಿವೆ. ಅದರಲ್ಲಿ ಕೊಯ್ದರೆ ಅಂಚು ಒರಟಾಗ್ತದೆ, ಸುಡುವುದಿಲ್ಲ. ಅರುವತ್ತು ಸಣ್ಣ ಹಲ್ಲಿನ ಪ್ಲೈವುಡ್ ಬ್ಲೇಡನ್ನು ಗಟ್ಟಿಮರದ ಉದ್ದಕ್ಕೆ ಓಡಿಸಿದರೆ ಹುಡಿ ಹೊರಗೆ ಬರುವುದಿಲ್ಲ. ಉಜ್ಜಿ ಉಜ್ಜಿ ಸುಡ್ತದೆ. ಆ ಮನೆಯಲ್ಲಿ ಕೆಲಸ ಮಾಡುವವರ ಪೈಕಿ ಅಂಥ ಬ್ಲೇಡ್ ಇರುವುದು ನಿನ್ನೊಬ್ಬನ ಹತ್ತಿರ.”

ಶ್ರವಣ ಟಾರ್ಪಾಲು ಸರಿಸಿದ. ಗಿಳಿಗಳ ಕಾಲುಗಳೆಲ್ಲ ಕಪ್ಪಾಗಿದ್ದವು.

“ಗುಣವತಿಯಕ್ಕ ಇದನ್ನು ಯಾವುದೋ ರೆಸಾರ್ಟಿಗೆ ಮಾರ್ತಾರಂತೆ ಮಾಮ. ನನಗೆ ಕೊಡಿ ಅಂತ ಕೇಳಿದೆ, ಕೊಡಲಿಲ್ಲ. ಅಪ್ಪನ ಕೈಕೆಲಸ ಅಲ್ವಾ?”

“ಲಾಕಪ್ಪಿನೊಳಗೆ ಕೂತ ದುರ್ಗೇಶನಿಗೆ ಅಪ್ಪ ಇಲ್ಲವಾ?”

ಅವನು ಅತ್ತ. ಬೆಳಿಗ್ಗೆ ತಾನೇ ಠಾಣೆಗೆ ಬರುತ್ತೇನೆ ಎಂದ. ಒಪ್ಪಿದೆ. ವಾಸು ತೀರಿಕೊಂಡ ಮೇಲೆ ಅವನ ದೊಡ್ಡ ಹಲ್ಲಿನ ಬ್ಲೇಡ್‌ಗಳನ್ನೆಲ್ಲ ಇವನಿಂದ ಕೊಂಡವನು ನಾನೇ. “ಪ್ಲೈವುಡ್ಡಿಗೆ ಒಂದೇ ಬ್ಲೇಡ್ ಸಾಕು” ಎಂದು ಬುದ್ಧಿ ಹೇಳಿದವನೂ ನಾನೇ. ಛೆ!

*

ಶ್ರವಣ ಮಾತು ತಪ್ಪಲಿಲ್ಲ. ಪಟ್ಟಿ ಹೊತ್ತು ಬಂದು ತಪ್ಪೊಪ್ಪಿಕೊಂಡ. ನಾನು ಡೆನಿಸರಿಗೆ ಸುಟ್ಟ ಅಂಚಿನ ಲೆಕ್ಕ ವಿವರಿಸಿದೆ. ದುರ್ಗೇಶ ಗುಡಿಸಿದ್ದು ಶ್ರವಣ ಬೀಳಿಸಿ ಹೋದ ಹುಡಿಯನ್ನು, ಅಷ್ಟೇ.

ದುರ್ಗೇಶ ಹೊರಗೆ ಬಂದ. ಎಡಗೆನ್ನೆ ಊದಿತ್ತು. ಅವನ ಜಾಗಕ್ಕೆ ಗುತ್ತಿಗೆದಾರ ಆಗಲೇ ಬೇರೆಯವನನ್ನು ಹಾಕಿದ್ದ. ಶರಣಮ್ಮ ನನ್ನ ಕಾಲು ಮುಟ್ಟಲು ಬಗ್ಗಿದಳು.

“ನೋಡಿದ ಕೂಡಲೇ ಹೇಳ್ಬಹುದಿತ್ತಲ್ಲ ಮಾರಾಯ್ರೆ,” ಎಂದರು ಡೆನಿಸ್.

ಅವಳ ಕೈ ಅಲ್ಲೇ ನಿಂತಿತು.

“ನಿಮಗ ನಿನ್ನೇನ ಗೊತ್ತಿತ್ತೇನ್ರಿ?”

“ಗೊತ್ತಿತ್ತಮ್ಮ.”

ಅವಳು ನೆಟ್ಟಗಾದಳು. ಗಂಡನ ತೋಳು ಹಿಡಿದುಕೊಂಡು ಬಸ್ಸಿನ ಕಡೆ ನಡೆದಳು.