ರೇವುಗುಡ್ಡದ ಕೋಟೆಯ ಶಾಸನ

ದುರುಗೇಶ್ ಮೇಷ್ಟ್ರ ಹೆಣ ರೇವುಗುಡ್ಡದ ಕೋಟೆಯ ಬುರುಜಿನ ಕೆಳಗೆ, ಬಂಡೆಗಳ ನಡುವೆ ಸಿಕ್ಕಿತು. ತಲೆ ಒಡೆದಿತ್ತು. ಬರಿಗಾಲು, ಅಂಗಾಲು ಬೆಳ್ಳಗಿತ್ತು. ಚಪ್ಪಲಿ ಮಾತ್ರ ಮೇಲೆ, ಕೋಟೆಬಾಗಿಲ ಹೊರಗಿತ್ತು.

ಕಂಪ್ಲಿ ಕಡೆಯ ಈ ಕೋಟೆ, ಹರಿಗೋಲಿನಲ್ಲಿ ಸರಕು ಬಂದಿಳಿಯುತ್ತಿದ್ದ ಹೊಳೆಯ ರೇವನ್ನು ಕಾಯಲು ಕಟ್ಟಿದ್ದು. ಅದರ ಚರಿತ್ರೆ ಬರೆಯುವುದೇ ನಿವೃತ್ತ ಮೇಷ್ಟ್ರ ಕೆಲಸವಾಗಿತ್ತು. ಒಳಗೆ ಊರಮ್ಮನ ಗುಡಿ. ಹಾಗಾಗಿ ಎಸ್‌ಐ ರೇಣುಕಾದೇವಿ ಮೇಡಂ ಬಾಗಿಲಲ್ಲೇ ಬೂಟು ಕಳಚಿದರು. ಕಾನ್‌ಸ್ಟೇಬಲ್ ಹುಸೇನಪ್ಪನಾದ ನಾನೂ ಕಳಚಿದೆ. ಬುರುಜು ಮುಟ್ಟುವಷ್ಟರಲ್ಲಿ ಅಂಗಾಲೆಲ್ಲ ಕೆಮ್ಮಣ್ಣು. ದರಿದ್ರ ಧೂಳು.

“ಕೈಮುಗಿಯಾಕ ಬಂದು ಜಾರಿ ಬಿದ್ದಾರ್ರಿ,” ಎಂದ ಪೂಜಾರಿ ಜಂಬಪ್ಪ. “ಚಪ್ಪಲಿ ಬಿಟ್ಟಾರಲ್ಲ.”

ಕಲ್ಲುಕ್ವಾರಿಯ ಅಂಜಿನೇಯ ಬೂಟುಗಾಲಲ್ಲೇ ಬಂದ. ಮೇಷ್ಟ್ರ ಬರಹದಿಂದ ಕೋಟೆ ಸಂರಕ್ಷಿತ ಸ್ಮಾರಕವಾದರೆ ಪಕ್ಕದ ಅವನ ಕ್ವಾರಿ ಮುಚ್ಚಬೇಕು. ನನ್ನ ಅನುಮಾನವೆಲ್ಲ ಅವನ ಮೇಲೆಯೇ.

“ನಿನ್ನೆ ಸಂಜಿ ಎಲ್ಲಿದ್ದಿ?” ಎಂದೆ.

“ಕ್ವಾರಿಯಾಗ. ಮೇಷ್ಟ್ರ ಕೂಡ ಜಗಳ ಇತ್ತು, ಸುಳ್ಳು ಹೇಳಂಗಿಲ್ಲ. ಕೊಲ್ಲೋ ಅಷ್ಟಿಲ್ಲ.”

“ಬೂಟು ಯಾಕ ಬಿಟ್ಟಿಲ್ಲ?” — ಮೇಡಂ ಕೇಳಿದರು.

“ನಾ ಎಂದೂ ಬಿಡಂಗಿಲ್ರಿ. ಈ ಜಂಬಪ್ಪ ದಿನಾ ಬೈತಾನ.”

ಎಲ್ಲರೂ ಬಾಗಿಲಿಗೆ ಇಳಿದು ಬಂದೆವು. ಮೇಷ್ಟ್ರ ಮಗಳು ಪಲ್ಲವಿ ಅಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ.

“ಬಿದ್ದು ಸತ್ತ ಅಂತ ಬರದು ಮುಚ್ಚಬ್ಯಾಡ್ರಿ ಮೇಡಂ. ಅಪ್ಪ ಬುರುಜಿನ ಶಾಸನ ಓದಿ ಹಾಳ್ಯಾಗ ಬರಕೊಂಡಿದ್ದ. ಆ ಹಾಳಿ ಕಾಣವಲ್ದು.”

“ಅದರಾಗ ಏನಿತ್ತು?”

“ರೇವು ಕಾದು ಸತ್ತವರು ನಮ್ಮ ಕೇರಿಯವರಂತ. ಅದಕ್ಕ ಊರಮ್ಮನ ಪೂಜಿ ಹಕ್ಕು ನಮಗ ಬರಕೊಟ್ಟಿದ್ರಂತ.”

“ನಿಮ್ಮಪ್ಪ ಗುಡಿಗೆ ಕೈಮುಗೀತಿದ್ರಾ?”

“ನಾವು ಬೌದ್ಧರು. ಅಪ್ಪ ಸಣ್ಣಾವಿದ್ದಾಗ ನಮ್ಮ ಕೇರಿಯವರಿಗೆ ಹೊಳಿ ದಂಡಿಗೇ ಚಪ್ಪಲಿ ಬಿಡಿಸ್ತಿದ್ರು. ಆ ಸಿಟ್ಟಿಗೆ ಅಂವ ಕೋಟ್ಯಾಗ ಒಂದಿನಾನೂ ಚಪ್ಪಲಿ ಬಿಟ್ಟಿಲ್ಲ.”

ಮೇಡಂ ತಮ್ಮ ಕೆಂಪು ಅಂಗಾಲು ನೋಡಿಕೊಂಡರು. ಆಮೇಲೆ ಜಂಬಪ್ಪನತ್ತ ತಿರುಗಿದರು.

“ಬರಿಗಾಲಲ್ಲಿ ನಡದಿದ್ರ ಮೇಷ್ಟ್ರ ಕಾಲೂ ಹಿಂಗ ಇರಬೇಕಿತ್ತು. ಅವರು ನಡದಿಲ್ಲ — ಹೊತ್ತು ತಂದಾರ. ಬಾಗಿಲ ಹೊರಗ ಹೊಡದು, ಚಪ್ಪಲಿ ಕಳಚಿ, ಬುರುಜಿನಿಂದ ಕೆಡವ್ಯಾರ. ತನ್ನ ಬೂಟೇ ಬಿಡದ ಅಂಜಿನೇಯ ಹೆಣದ ಚಪ್ಪಲಿ ಬಿಡಿಸ್ತಾನ? ಜಂಬಪ್ಪ, ಕೊಲ್ಲಾಕ ನೀ ಹೇಸಲಿಲ್ಲ. ಚಪ್ಪಲಿ ಒಳಗ ಒಯ್ಯಾಕ ಹೇಸಿದಿ.”

ಜಂಬಪ್ಪ ಗುಡಿಯ ಕಡೆ ಕೈಮಾಡಿದ. “ಪೂಜಿ ಹೋದ್ರ ನಂದೇನು ಉಳೀತಿತ್ರಿ? ಆ ಹಾಳಿ ಸುಟ್ಟೀನಿ.”

“ಕಲ್ಲು ಐತಲ್ಲ,” ಎಂದಳು ಪಲ್ಲವಿ.

ಮೇಷ್ಟ್ರ ಚಪ್ಪಲಿಯನ್ನು ಚೀಲಕ್ಕೆ ಹಾಕಿ ಸೀಲು ಮಾಡಿದೆ. ಪಕ್ಕದಲ್ಲೇ ನಾನು ಯಾಕೆಂದು ಕೇಳದೆ ಬಿಟ್ಟ ಬೂಟು; ನೋಡಿ ನಾಚಿಕೆಯಾಯಿತು. ಪಲ್ಲವಿ ಚಪ್ಪಲಿಗಾಲಲ್ಲೇ ಬಾಗಿಲು ದಾಟಿ, ಬುರುಜು ಹತ್ತಿ, ಶಾಸನದ ಮುಂದೆ ಹೊಸ ಹಾಳೆ ಬಿಚ್ಚಿ ಕುಳಿತಳು.